ಒಂದು ಕಟ್ಟು ಬೇಸಿಲ್, ಒಂದು ದಿನದ ಅಡುಗೆ

ರಾತ್ರಿ ಫ್ರಿಜ್‌ನಲ್ಲಿಟ್ಟ ಬೇಸಿಲ್ ಬೆಳಗ್ಗೆ ಕಪ್ಪಾಗಿದ್ದರೆ ತಪ್ಪು ಸೊಪ್ಪಿನದ್ದಲ್ಲ. ಈ ಕಾಮಕಸ್ತೂರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಆಗಿಬರುವುದಿಲ್ಲ. ಇವತ್ತಿನ ಕಟ್ಟು ಹೊರಗೇ ಇತ್ತು: ದಂಟಿನ ತುದಿ ಕತ್ತರಿಸಿ, ಎರಡು ಬೆರಳು ನೀರಿರುವ ಲೋಟದಲ್ಲಿ, ಎಲೆ ಮುಳುಗದ ಹಾಗೆ. ಎಲೆ ಬಿಡಿಸಿ ತೂಗಿದರೆ 60 ಗ್ರಾಂ. 50 ಪೆಸ್ಟೋಗೆ, ಅಂದರೆ ಬೇಸಿಲ್ ಅರೆದು ಮಾಡುವ ಇಟಲಿಯ ಹಸಿ ಚಟ್ನಿಗೆ; ಮಿಕ್ಕಿದ್ದು ಟೊಮೆಟೊ ಸಾಸಿಗೆ.

ತೊಳೆದ ಎಲೆ ಬಟ್ಟೆಯ ಮೇಲೆ ಪೂರ್ತಿ ಆರಬೇಕು. ಒದ್ದೆ ಎಲೆಯ ಪೆಸ್ಟೋ ನೀರುನೀರಾಗಿ ಎಣ್ಣೆ ಬೇರೆ ನಿಲ್ಲುತ್ತದೆ. ಕಲ್ಲಿನ ಕುಟ್ಟಾಣಿಯಲ್ಲಿ ಮೊದಲು ಒಂದು ಎಸಳು ಬೆಳ್ಳುಳ್ಳಿ, ಚಿಟಿಕೆ ಕಲ್ಲುಪ್ಪು. ಅದು ನುಣ್ಣಗಾದ ಮೇಲೆ 15 ಗ್ರಾಂ ಪೈನ್ ಬೀಜ. ಆಮೇಲೆ ಎಲೆ, ಹಿಡಿಹಿಡಿಯಾಗಿ. ಮೇಲಿಂದ ಗುದ್ದುವ ಕೆಲಸವಲ್ಲ ಇದು. ಗುಂಡನ್ನು ಗೋಡೆಗೆ ಒತ್ತಿ ತಿರುಗಿಸಬೇಕು, ಉಪ್ಪಿನ ಹರಳೇ ಎಲೆಯನ್ನು ಅರೆಯುತ್ತದೆ. ಕೊನೆಗೆ 40 ಗ್ರಾಂ ತುರಿದ ಪಾರ್ಮೆಸಾನ್ ಚೀಸ್, 80 ಮಿ.ಲೀ. ಆಲಿವ್ ಎಣ್ಣೆ.

ಮಿಕ್ಸಿ ಬಳಸಬಾರದೆಂದಿಲ್ಲ. ಆದರೆ ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಘಮ ಹಾರಿಹೋಗುತ್ತದೆ, ಹರಿದ ಎಲೆಗೆ ಗಾಳಿ ತಾಗಿ ಅದರೊಳಗಿನ ಕಿಣ್ವ ಬಣ್ಣವನ್ನು ಕಂದಾಗಿಸುತ್ತದೆ. ಜಾರನ್ನು ಫ್ರೀಜರಿನಲ್ಲಿ ತಣ್ಣಗಾಗಿಸಿಕೊಂಡು, ಎರಡೆರಡು ಸೆಕೆಂಡು ಬಿಟ್ಟುಬಿಟ್ಟು ತಿರುಗಿಸಿ. ಹಸಿರೇ ಮುಖ್ಯವೆಂದರೆ ಎಲೆಯನ್ನು ಕುದಿನೀರಿನಲ್ಲಿ 10 ಸೆಕೆಂಡು ಅದ್ದಿ, ಐಸ್ ನೀರಿಗೆ ಹಾಕಿ ಹಿಂಡಿಕೊಳ್ಳಬಹುದು; ಕಿಣ್ವ ಸಾಯುತ್ತದೆ, ಪರಿಮಳವೂ ಒಂದಿಷ್ಟು ಹೋಗುತ್ತದೆ. ನಮ್ಮ ಮತ ಪರಿಮಳಕ್ಕೆ, ಬಣ್ಣ ಕೊಂಚ ಮಂಕಾದರೂ ಸರಿ.

ಪೆಸ್ಟೋವನ್ನು ಒಲೆಯ ಮೇಲೆ ಕಾಯಿಸಬಾರದು. ಚೀಸ್ ಗಂಟುಗಟ್ಟುತ್ತದೆ, ಎಲೆ ಬೇಯಿಸಿದ ಸೊಪ್ಪಿನ ವಾಸನೆ ಹೊಡೆಯುತ್ತದೆ. ಬಸಿದ ಬಿಸಿ ಪಾಸ್ತಾಗೆ ಒಲೆಯಿಂದಾಚೆ ಕಲಸಿ, ಪಾಸ್ತಾ ಬೆಂದ ನೀರು ಮೂರು ಚಮಚ ಹಾಕಿದರೆ ಸಡಿಲವಾಗಿ ಮೆತ್ತಿಕೊಳ್ಳುತ್ತದೆ.

ಟೊಮೆಟೊ ಸಾಸಿಗೆ ಹಸಿ ಎಲೆ ಒಲೆ ಆರಿಸಿದ ಮೇಲೆ, ಕೈಯಲ್ಲೇ ಹರಿದು. ಒಣ ಬೇಸಿಲ್ ಆದರೆ ಉಲ್ಟಾ: ಕುದಿಯುವಾಗಲೇ ಹಾಕಬೇಕು, ಹಸಿ ಎಲೆಯ ಅಳತೆಯ ಮೂರನೇ ಒಂದು ಭಾಗ ಸಾಕು.

ಉಳಿದ ಪೆಸ್ಟೋ ಮೇಲೆ ಎಣ್ಣೆಯ ಪದರ ನಿಲ್ಲುವಂತೆ ಸುರಿದು ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ಇನ್ನೂ ಇಡಬೇಕೆಂದರೆ ಚೀಸ್ ಹಾಕುವ ಮೊದಲೇ ತೆಗೆದಿಟ್ಟು ಐಸ್ ಟ್ರೇಯಲ್ಲಿ ಗಡ್ಡೆಕಟ್ಟಿಸಿ, ಚೀಸ್ ಬಡಿಸುವ ದಿನ ಬೆರೆಸಿ.