ಪೀಣ್ಯದ ಶೆಡ್ಡಿನಲ್ಲಿ ಗ್ರೈಂಡಿಂಗ್ ವೀಲ್ ಬದಲಿಸಿದ ದಿನ

ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಅವತ್ತಿನ ಮೊದಲ ಕೆಲಸವೇ ನೆಲಕ್ಕೆ ನಿಲ್ಲಿಸಿದ ಮಸೆಯುವ ಮೆಷಿನ್ನಾದ ಪೆಡೆಸ್ಟಲ್ ಗ್ರೈಂಡರಿನ ವೀಲ್ ಬದಲಿಸುವುದು. ಹಳೆಯದು ಸವೆದು, ಮಸೆಯುವುದನ್ನು ಊರಿ ಹಿಡಿಯುವ ಟೂಲ್ ರೆಸ್ಟಿಗೂ ವೀಲಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದಿ ಬಿದ್ದಿತ್ತು. ಅಲ್ಲಿ 3 ಮಿ.ಮೀ.ಗಿಂತ ಹೆಚ್ಚು ಇರಬಾರದು. ಮಸೆಯುವ ಡ್ರಿಲ್ ಬಿಟ್ ಜಾರಿ ಆ ಸಂದಿಗೆ ಸಿಕ್ಕಿಕೊಂಡರೆ ವೀಲ್ ಒಡೆಯುತ್ತದೆ, ಬಿಟ್ ಹಿಡಿದ ಕೈಯೂ ಅದರ ಹಿಂದೆಯೇ ಹೋಗುತ್ತದೆ.

ಹೊಸ ವೀಲ್ 200 ಮಿ.ಮೀ.ನದು. ಮೋಟಾರಿನ ಪ್ಲೇಟಿನಲ್ಲಿ 2880 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಅಂದರೆ ವೀಲಿನ ಅಂಚು ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ. ಲೇಬಲ್ಲಿನ ಗರಿಷ್ಠ ಆರ್‌ಪಿಎಂ 2880ಕ್ಕಿಂತ ಹೆಚ್ಚಿದೆ ಎಂದು ನೋಡಿಕೊಂಡ ಮೇಲೆ ರಿಂಗ್ ಟೆಸ್ಟ್. ವೀಲಿನ ತೂತಿಗೆ ಬೆರಳು ಹಾಕಿ ತೂಗುಬಿಟ್ಟು, ನೆಟ್ಟನೆಯ ನಡುಗೆರೆಯಿಂದ 45 ಡಿಗ್ರಿ ಆಚೀಚೆ, ಅಂಚಿನಿಂದ ಒಂದೆರಡು ಇಂಚು ಒಳಗೆ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ವೀಲ್ ಠಣ್ ಎನ್ನುತ್ತದೆ. ಬಿರುಕಿದ್ದರೆ ಒಡೆದ ಮಡಕೆಯಂತೆ ಮಂದ ಸದ್ದು. ವೀಲ್ ಒದ್ದೆಯಿದ್ದರೂ ಸದ್ದು ಮಂದವಾಗುತ್ತದೆ, ಹಾಗಾಗಿ ಒಣಗಿಸಿಯೇ ತಟ್ಟಬೇಕು. ರೆಸಿನ್ ಬಾಂಡಿನ (ಕಣಗಳನ್ನು ರಾಳದಲ್ಲಿ ಅಂಟಿಸಿದ) ವೀಲ್ ಇಷ್ಟು ಚೆನ್ನಾಗಿ ಠಣ್ ಎನ್ನುವುದಿಲ್ಲ.

ಕೂರಿಸುವಾಗ ಹೆಚ್ಚಿನವರು ಎಡವುವುದು ರಟ್ಟಿನ ವಾಷರಿನಲ್ಲಿ. ಪ್ಯಾಕಿಂಗ್ ಕಾಗದವೆಂದು ಅದನ್ನು ಕಿತ್ತು ಎಸೆಯುತ್ತಾರೆ. ಅದಿಲ್ಲದಿದ್ದರೆ ವೀಲನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಲೋಹದ ಬಿಲ್ಲೆಯ, ಅಂದರೆ ಫ್ಲೇಂಜಿನ, ಒತ್ತಡ ಒಂದೇ ಕಡೆ ಬಿದ್ದು ವೀಲ್ ಬಿರುಕು ಬಿಡುತ್ತದೆ. ಎರಡೂ ಫ್ಲೇಂಜ್ ಒಂದೇ ಅಳತೆಯವು ಇರಬೇಕು, ವೀಲಿನ ವ್ಯಾಸದ ಮೂರರಲ್ಲೊಂದು ಭಾಗಕ್ಕಿಂತ ಚಿಕ್ಕದಾಗಬಾರದು. ನಟ್ಟನ್ನು ವೀಲ್ ಜಾರದಷ್ಟು ಬಿಗಿದರೆ ಸಾಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸುವ ಶೌರ್ಯ ಬೇಡ. ಎಡಬದಿಯ ನಟ್ ಉಲ್ಟಾ ಥ್ರೆಡ್ಡಿನದು. ಮೇಲಿನ ಗಾರ್ಡಿನ ಪಟ್ಟಿಯನ್ನು ವೀಲಿನಿಂದ 6 ಮಿ.ಮೀ. ಅಂತರದೊಳಗೆ ತಂದು, ಕೈಯಲ್ಲೊಮ್ಮೆ ತಿರುಗಿಸಿ ನೋಡಿ, ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ, ಒಂದು ನಿಮಿಷ ಖಾಲಿ ಓಡಿಸಿದ್ದಾಯಿತು. ಇಷ್ಟಕ್ಕೆ ಅರ್ಧ ಗಂಟೆ ಬೇಡ.

ಮಧ್ಯಾಹ್ನದ್ದು ಬೇರೆ ಕಥೆ. ಉಕ್ಕಿನ ಚಾನೆಲ್ ತೊಲೆ ಕತ್ತರಿಸಲು ಹುಡುಗರು 4 ಇಂಚಿನ ಹ್ಯಾಂಡ್ ಗ್ರೈಂಡರಿಗೆ 7 ಇಂಚಿನ ಡಿಸ್ಕ್ ಹಾಕಿದ್ದರು. ಗಾರ್ಡ್ ಅಡ್ಡ ಬರುತ್ತದೆಂದು ಬಿಚ್ಚಿಟ್ಟಿದ್ದರು. ಡಿಸ್ಕಿನ ತೂತು ದೊಡ್ಡದಾದ್ದರಿಂದ ಸಂದಿ ತುಂಬಲು ಲೇತಿನಲ್ಲಿ ಬುಷ್ (ಲೋಹದ ಉಂಗುರ) ಟರ್ನ್ ಮಾಡಿಸಿಕೊಂಡಿದ್ದರು. ಅಷ್ಟು ಕೈಚಳಕ ಇಂಥದ್ದಕ್ಕೆ! ಆ ಡಿಸ್ಕಿನ ಮೇಲೇ ಗರಿಷ್ಠ 8500 ಆರ್‌ಪಿಎಂ, ಸೆಕೆಂಡಿಗೆ 80 ಮೀಟರ್ ಎಂದು ಅಚ್ಚಾಗಿದೆ. ಮೆಷಿನ್ ತಿರುಗುವುದು 11,000ಕ್ಕೆ. ಲೆಕ್ಕ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 104 ಮೀಟರಿನ ಹತ್ತಿರ. ಡಿಸ್ಕನ್ನು ಸೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ತಡೆಯಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗೂ ಮೀರಿದ ಎಳೆತ ಬೀಳುತ್ತದೆ. ಚೂರು ಹಾರಿದರೆ ತಡೆಯಲು ಗಾರ್ಡೂ ಇಲ್ಲ.

ಇದನ್ನು ಹುಡುಗರ ಅಜಾಗರೂಕತೆ ಎಂದು ಬರೆದು ರಿಜಿಸ್ಟರ್ ಮುಚ್ಚುವುದು ಸುಲಭ. ಆದರೆ ಆ ಶೆಡ್ಡಿನಲ್ಲಿ 7 ಇಂಚಿನ ಮೆಷಿನ್ನೇ ಇರಲಿಲ್ಲ. ಚಾನೆಲ್ ಮಾತ್ರ ಸಂಜೆಯೊಳಗೆ ಕತ್ತರಿಸಿಯಾಗಬೇಕು. ಮೆಷಿನ್ ಕೊಡಿಸದೆ ಹೆಲ್ಮೆಟ್ ಹಂಚಿದರೆ ಅದು ಸೇಫ್ಟಿ ಆಗುವುದಿಲ್ಲ. ಕೊನೆಗೆ ಡಿಸ್ಕ್ ಬಿಚ್ಚಿಸಿ, ಬುಷ್ ಸ್ಕ್ರ್ಯಾಪಿಗೆ ಹಾಕಿಸಿ, ದೊಡ್ಡ ಮೆಷಿನ್ ಬಾಡಿಗೆಗೆ ತರಿಸಲಾಯಿತು. ಪೆಟ್ಟಿಗೆಯಲ್ಲಿ ಉಳಿದಿದ್ದ ರೆಸಿನ್ ಡಿಸ್ಕುಗಳ ನಡುವಿನ ಲೋಹದ ಉಂಗುರದ ಮೇಲಿನ ತಾರೀಖನ್ನೂ ನೋಡಿ, ಅವಧಿ ಮೀರಿದವನ್ನು ಒಡೆದು ಹಾಕಿದೆವು. ಒಡೆಯದೆ ಹಾಗೇ ಬಿಟ್ಟರೆ ಯಾರಾದರೂ ಎತ್ತಿಕೊಂಡು ಬಳಸುತ್ತಾರೆ.

ಗ್ಲೌಸ್ ವಿಷಯವೂ ಬಂತು. ಪೆಡೆಸ್ಟಲ್ ಗ್ರೈಂಡರಿನ ಮುಂದೆ ಹತ್ತಿಯ ಗ್ಲೌಸ್ ಬೇಡವೇ ಬೇಡ, ನೂಲು ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಕಣ್ಣಿಗೆ ಗಾಗಲ್, ಅದರ ಮೇಲೆ ಫೇಸ್ ಶೀಲ್ಡ್.

ವೀಲಿನ ಗರಿಷ್ಠ ವೇಗ, ವೀಲ್ ಕೂರುವ ಸ್ಪಿಂಡಲ್ಲಿನ ಆರ್‌ಪಿಎಂ, ಬೆಲ್ಟ್ ಓಡುವ ಪುಲ್ಲಿಯ ವ್ಯಾಸ ಬರೆದ ಫಲಕ ಮೆಷಿನ್ ಪಕ್ಕದಲ್ಲೇ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 30ನೇ ಸೆಕ್ಷನ್ನೇ ಹೇಳಿತ್ತು. ಅಲ್ಲಿದ್ದ ಫಲಕ ಇಂಗ್ಲಿಷಿನದು, ಅದೂ ಆಫೀಸಿನ ಗೋಡೆಯ ಮೇಲೆ. ಕೆಲಸದವರಲ್ಲಿ ಅರ್ಧ ಜನ ಬಿಹಾರ, ಒಡಿಶಾದವರು. ಅದೇ ಅಂಕಿಗಳನ್ನು ಕನ್ನಡ, ಹಿಂದಿ ಎರಡರಲ್ಲೂ ಸ್ವಿಚ್ಚಿನ ಪಕ್ಕದಲ್ಲೇ ಪೇಂಟ್ ಮಾಡಿಸಿದೆವು. ಬೆಲ್ಟ್ ಮೆಷಿನ್ನಾದರೆ ಪುಲ್ಲಿ ಬದಲಾದ ದಿನವೇ ಅಲ್ಲಿನ ಅಂಕಿಯೂ ಬದಲಾಗಬೇಕು.