ವರದಿಯ ಕೊನೆಯ ಅಂಕಣ

ಸಭಾಚರಿತ್ರೆಯ, ಅಂದರೆ ಕ್ರೈಸ್ತ ಸಭೆಯ ಇತಿಹಾಸದ, ಮೊದಲ ತರಗತಿಯಲ್ಲಿ ನಮ್ಮ ಗುರುಗಳು ಹಾಜರಿ ಕರೆದು ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಮಗೊಂದು ಪ್ರಶ್ನೆ ಹಾಕಿದರು. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯವರು ಬಂಗಾಳಕ್ಕೆ ಬಂದದ್ದು 1793ರ ನವೆಂಬರಿನಲ್ಲಿ; ಅವರ ಸೇವೆಯ ಮೊದಲ ಫಲವೆಂದು ಹೇಳಲಾಗುವ ಬಡಗಿ ಕೃಷ್ಣಪಾಲರು ಹೂಗ್ಲಿ ನದಿಯಲ್ಲಿ ಕ್ರೈಸ್ತರಾಗುವ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. "ನಡುವಿನ ಏಳು ವರ್ಷ ಕೇರಿಯವರು ಊರಿಗೆ ಬರೆದ ಪತ್ರಗಳಲ್ಲಿ ಏನನ್ನು ವರದಿ ಮಾಡಿರಬಹುದು?" ಎಂದು ಕೇಳಿದರು. ಭಾಷಾಂತರದ ಕೆಲಸ, ಹವಾಮಾನ, ಕಾಯಿಲೆ ಎಂದು ನಾವು ಒಬ್ಬೊಬ್ಬರೂ ಒಂದೊಂದು ಹೇಳಿದೆವು. ಆ ಅವಧಿಯಲ್ಲೇ ಅವರ ಚಿಕ್ಕ ಮಗ ಪೀಟರ್ ತೀರಿಕೊಂಡಿದ್ದನು, ಹೆಂಡತಿಗೆ ಮತಿಭ್ರಮಣೆಯಾಗಿತ್ತು ಎಂಬುದನ್ನು ಗುರುಗಳು ಮೆಲ್ಲಗೆ ಸೇರಿಸಿದರೇ ಹೊರತು ತಮ್ಮ ಪ್ರಶ್ನೆಗೆ ತಾವು ಉತ್ತರ ಕೊಡಲಿಲ್ಲ. ಗಂಟೆ ಬಾರಿಸಿತು, ನಾವು ಎದ್ದು ಹೋದೆವು.

ಕ್ರೈಸ್ತ ಬೋಧಕರನ್ನು ತಯಾರುಮಾಡುವ ವೇದಶಾಸ್ತ್ರ ಕಾಲೇಜಿನ ಆ ವರ್ಷಗಳಲ್ಲಿ ಕಲಿತದ್ದು ಬಹಳ, ಮರೆತದ್ದು ಅದಕ್ಕಿಂತ ಹೆಚ್ಚು. ಗ್ರೀಕ್ ವ್ಯಾಕರಣದಲ್ಲಿ ನಾನು ಎರಡನೆಯ ಪ್ರಯತ್ನಕ್ಕೆ ತೇರ್ಗಡೆಯಾದವನಾದ್ದರಿಂದ ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಸಭಾಚರಿತ್ರೆಯ ಆ ಪ್ರಶ್ನೆ ಮಾತ್ರ ನನ್ನ ಸಾಮಾನಿನ ಜೊತೆಗೇ ಹಳ್ಳಿಗೆ ಬಂದಿತು.

ಸುವಾರ್ತೆ ಸಾರಲು ನನ್ನನ್ನು ಕಳುಹಿಸಿದ ಹಳ್ಳಿಗೆ ಬಸ್ಸು ನಿಲ್ಲುವ ಕಡೆಯಿಂದ 11 ಕಿಲೋಮೀಟರ್ ಕಾಲುದಾರಿ, ನಡುವೆ ಎರಡು ಹಳ್ಳ. ಮಳೆಗಾಲದಲ್ಲಿ ಎರಡನೆಯ ಹಳ್ಳ ತುಂಬಿತೆಂದರೆ ಅಂಚೆಯೂ ಬರುತ್ತಿರಲಿಲ್ಲ, ವೈದ್ಯರ ಮಾತು ದೂರವೇ ಉಳಿಯಿತು. ಆದರೂ ಆ ದಾರಿಯನ್ನು ನಾನು ಕಷ್ಟಗಳ ಲೆಕ್ಕಕ್ಕೆ ಸೇರಿಸಲಾರೆ. ಕಾಲಿಗೆ ಅದು ಎರಡು ತಿಂಗಳಲ್ಲಿ ಒಗ್ಗಿಹೋಯಿತು. ಒಗ್ಗದೆ ಉಳಿದದ್ದು ಜನರ ಸೌಜನ್ಯ. ಎದುರಾದವರೆಲ್ಲರೂ ನಿಂತು ಮಾತಾಡಿಸುತ್ತಿದ್ದರು, ಒಬ್ಬರೂ ಒಳಗೆ ಕರೆಯುತ್ತಿರಲಿಲ್ಲ. ನಾನು ಜಮೀನು ಅಳೆಯಲು ಬಂದವನೆಂದು ಮೊದಲು ಸುದ್ದಿಯಾಯಿತು. ಆಮೇಲೆ, ಮಕ್ಕಳ ಮನಸ್ಸು ಕೆಡಿಸಲು ಬಂದವನೆಂದು. ಈ ಸಂಶಯವನ್ನು ಹಗೆತನವೆಂದು ತಿಳಿದು ನಾನು ಬಹಳ ದಿನ ಮನಸ್ಸಿನಲ್ಲೇ ಕೊರಗಿದೆ, ಅದು ನನ್ನ ತಪ್ಪು. ಗುರುತು ಪರಿಚಯವಿಲ್ಲದವನೊಬ್ಬ ಬಂದು ನಿಮ್ಮ ಮನೆಯವರಿಗೆ ಬೇರೆ ದಾರಿ ತೋರಿಸುತ್ತೇನೆ ಎಂದರೆ ನನ್ನ ತಂದೆಯೂ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು.

ಪ್ರತಿ ತಿಂಗಳ ಕೊನೆಗೆ ನಾನು ಒಂದು ಅಚ್ಚು ಹಾಕಿದ ಹಾಳೆಯನ್ನು ತುಂಬಿ ಕಳುಹಿಸಬೇಕಿತ್ತು. ಒಂದು ಪ್ರತಿ ನನ್ನನ್ನು ನೇಮಿಸಿದ ಸಂಸ್ಥೆಗೆ, ಇನ್ನೊಂದು ಕಾಲೇಜಿಗೆ. ಅದರಲ್ಲಿ ನಾಲ್ಕು ಅಂಕಣಗಳಿದ್ದವು: ಭೇಟಿ ಮಾಡಿದ ಮನೆಗಳು, ಹಂಚಿದ ಪುಸ್ತಿಕೆಗಳು, ಕೂಟಕ್ಕೆ ಬಂದವರು, ದೀಕ್ಷಾಸ್ನಾನ ಹೊಂದಿದವರು. ಕೊನೆಯ ಅಂಕಣದಲ್ಲಿ ಎಂಟು ತಿಂಗಳು ಸೊನ್ನೆ ಬರೆದೆ. ಸೊನ್ನೆ ಬರೆಯುವುದು ಕೈಗೆ ಸುಲಭ, ಮನಸ್ಸಿಗೆ ಸುಲಭವಲ್ಲ. ಪ್ರತಿ ಸಲವೂ ಅದನ್ನು ಸ್ವಲ್ಪ ಚಿಕ್ಕದಾಗಿ ಬರೆಯುತ್ತಿದ್ದೆನೆಂದು ಈಗ ನೆನಪಾಗಿ ನಗು ಬರುತ್ತದೆ. ಸಂಸ್ಥೆಯ ಕಚೇರಿಯಿಂದ ಬರುತ್ತಿದ್ದ ಪತ್ರಗಳು ಸೌಮ್ಯವಾಗಿಯೇ ಇರುತ್ತಿದ್ದವು, ಆದರೆ ಪ್ರತಿಯೊಂದರಲ್ಲೂ ಆ ಅಂಕಣದ ಪ್ರಸ್ತಾಪ ತಪ್ಪುತ್ತಿರಲಿಲ್ಲ. ಒಂಬತ್ತನೆಯ ತಿಂಗಳು ನಾನು ಮೂರನೆಯ ಅಂಕಣದಲ್ಲಿ ಹದಿನಾಲ್ಕು ಎಂದು ಬರೆದೆ. ಕೂಟಕ್ಕೆ ಬರುತ್ತಿದ್ದವರು ಐದೇ ಮಂದಿ. ಉಳಿದ ಒಂಬತ್ತು ಮಂದಿ ನನ್ನ ಹಾರ್ಮೋನಿಯಂ ನೋಡಲು ಬಾಗಿಲಲ್ಲಿ ನಿಂತು, ಮೊದಲ ಕೀರ್ತನೆ ಮುಗಿಯುವುದರೊಳಗೆ ಓಡಿಹೋಗುತ್ತಿದ್ದ ಮಕ್ಕಳು.

ಮುಂದಿನ ತಿಂಗಳು ಗುರುಗಳು ಹೇಳದೆ ಕೇಳದೆ ಬಂದರು. ಅರುವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಚಪ್ಪಲಿ, ಮೊಣಕಾಲಿನವರೆಗೆ ಕೆಸರು. ಸಂಜೆಯ ಕೂಟದಲ್ಲಿ ಗೋಡೆಗೊರಗಿ ಕುಳಿತು ಎಲ್ಲರೊಡನೆ ಹಾಡಿದರು, ನನ್ನ ಪ್ರಸಂಗವನ್ನು ಕಣ್ಣು ಮುಚ್ಚಿ ಕೇಳಿದರು. ಅಂದು ಬಂದವರೂ ಐವರೇ. ಮಳೆ ಇದ್ದುದರಿಂದ ಮಕ್ಕಳೂ ಬಂದಿರಲಿಲ್ಲ. ರಾತ್ರಿಯೆಲ್ಲ ಅವರು ಏನಾದರೂ ಕೇಳುತ್ತಾರೆಂದು ಕಾದೆ. ಬೆಳಿಗ್ಗೆ ಅವರನ್ನು ಹಳ್ಳ ದಾಟಿಸಿ ಕಳುಹಿಸುವಾಗ, ಆಚೆಯ ದಡದಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಿನ್ನೆ ಬಾರದ ಒಂಬತ್ತು ಮಂದಿಗೆ ನನ್ನ ವಂದನೆ ತಿಳಿಸಿ" ಎಂದರು. ಅಷ್ಟೇ. ಅದಾದ ಮೇಲೆ ಆ ಹಾಳೆಯಲ್ಲಿ ನಾನು ಎಂದೂ ಸುಳ್ಳು ಬರೆಯಲಿಲ್ಲ.

ಆ ಐವರಲ್ಲಿ ಒಬ್ಬರು ಒಬ್ಬ ಅಜ್ಜಿ. ದೂರದಲ್ಲಿ ದುಡಿಯುತ್ತಿದ್ದ ಮಗನ ಕಾಗದಗಳನ್ನು ಓದಿಸಿಕೊಳ್ಳಲು ಮೊದಲು ನನ್ನಲ್ಲಿಗೆ ಬಂದವರು. ಒಂದೇ ಕಾಗದವನ್ನು ಮೂರು ಸಲ ಓದಿಸುತ್ತಿದ್ದರು, ಮೂರನೆಯ ಸಲ ನಾನು ಯಾವುದಾದರೂ ಸಾಲು ಬಿಟ್ಟರೆ ಹಿಡಿದು ಹೇಳುತ್ತಿದ್ದರು. ಒಂದು ಸಂಜೆ ನಾನು ಪಾಪಕ್ಷಮಾಪಣೆಯ ಮೇಲೆ ಮಾತಾಡಿದೆ. ಕಾಲೇಜಿನಲ್ಲಿ ಒಳ್ಳೆಯ ಅಂಕ ತಂದುಕೊಟ್ಟ ಪ್ರಸಂಗವದು. ಕ್ಷಮಾಪಣೆ, ವಿಮೋಚನೆ, ಸಂಧಾನ, ಒಂದೊಂದಕ್ಕೂ ಆಧಾರ ವಾಕ್ಯಗಳಿದ್ದವು. ಎಲ್ಲರೂ ತಾಳ್ಮೆಯಿಂದ ಕೇಳಿದರು. ಕೊನೆಗೆ ಅಜ್ಜಿ, "ಅಯ್ಯನವರೇ, ನೀವು ಅಷ್ಟು ಹೊತ್ತಿನಿಂದ ಹೇಳುತ್ತಿರುವುದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದರ ವಿಷಯವೋ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ಅದನ್ನು ಮೊದಲೇ ಹೇಳಬಾರದೇ? ಹೊಟ್ಟೆಗೆ ಹಾಕಿಕೊಂಡವರಿಗೆ ಅದು ಸುಮ್ಮನೆ ಜೀರ್ಣವಾಗುವುದಿಲ್ಲ, ನೋಯುತ್ತದೆ" ಎಂದರು. ಶಿಲುಬೆಯ ಬಗ್ಗೆ ನಾನು ಬರೆದುಕೊಂಡಿದ್ದ ಹನ್ನೆರಡು ಪುಟಗಳಲ್ಲಿ ಆ ಮಾತಿನಷ್ಟು ನೇರವಾದದ್ದು ಒಂದೂ ಇರಲಿಲ್ಲ. ಆ ರಾತ್ರಿ ಆ ನುಡಿಗಟ್ಟನ್ನು ವರದಿಯ ಹಾಳೆಯ ಅಂಚಿನಲ್ಲಿ, ಯಾವ ಅಂಕಣಕ್ಕೂ ಸೇರದ ಜಾಗದಲ್ಲಿ, ಬರೆದು ಕಳುಹಿಸಿದೆ.

ಫರ್ಡಿನಾಂಡ್ ಕಿಟ್ಟೆಲರು ಭಾರತಕ್ಕೆ ಬಂದದ್ದು 1853ರಲ್ಲಿ. ಸುಮಾರು 70,000 ಶಬ್ದಗಳ ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ಈ ಎರಡು ಇಸವಿಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನನಗೆ, ಅವುಗಳ ನಡುವಿನ ನಲವತ್ತೊಂದು ವರ್ಷಗಳಲ್ಲಿ ಮಿಷನರಿಯೊಬ್ಬ ಎಷ್ಟು ಜನರ ಮುಂದೆ ಕಲಿಯುವವನಾಗಿ ಕುಳಿತಿರಬೇಕೆಂಬುದು ಹೊಳೆದದ್ದು ಆ ಅಜ್ಜಿಯಿಂದ. ಕನ್ನಡವೇ ಮಾತೃಭಾಷೆಯಾದ ನನಗೂ ಆ ಹಳ್ಳಿಯಲ್ಲಿ ಕನ್ನಡ ಹೊಸದಾಗಿ ಬೇಕಾಯಿತು.

ಎರಡನೆಯ ವರ್ಷದ ಕೊನೆಗೆ ಒಬ್ಬ ಯುವಕನೂ ಅವನ ಹೆಂಡತಿಯೂ ದೀಕ್ಷಾಸ್ನಾನ ಕೇಳಿದರು. ನನ್ನ ಅತ್ಯಂತ ಸಂತೋಷದ ದಿನವೂ ಅತ್ಯಂತ ಭಯದ ದಿನವೂ ಅದೇ. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನದಿಂದ ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಎದುರಿಸಿದ್ದೂ ಇದನ್ನೇ. ಕುಲದಿಂದ ಹೊರಗಾದವನಿಗೆ ಕಸುಬೂ ಇಲ್ಲ, ಸೂರೂ ಇಲ್ಲ. ಆದ್ದರಿಂದಲೇ ಅವರು ಮಗ್ಗ ಹಾಕಿಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಪ್ರಸಿದ್ಧವಾಯಿತು, ಅದರ ಜೊತೆಗೆ ವಿಶ್ವಾಸಿಗಳು ಮಿಷನ್ನಿನ ಸಂಬಳಕ್ಕೇ ಅಂಟಿಕೊಂಡರೆಂಬ ಟೀಕೆಯೂ ಹುಟ್ಟಿತು. ತರಗತಿಯಲ್ಲಿ ಆ ಟೀಕೆಯ ಪರವಾಗಿ ನಾನು ಜೋರಾಗಿ ವಾದಿಸಿದ್ದೆ. ಹಳ್ಳಿಯಲ್ಲಿ ಆ ದಂಪತಿಗಳ ಆರಿದ ಒಲೆಯ ಮುಂದೆ ಕುಳಿತಾಗ, ನನ್ನ ಬಳಿಯೂ ಒಂದು ಹೆಂಚಿನ ಕಾರ್ಖಾನೆ ಇದ್ದಿದ್ದರೆ ಎಂದು ಆಸೆಪಟ್ಟೆ. ಅವರು ಆರು ತಿಂಗಳು ಕಷ್ಟಪಟ್ಟರು. ಆಮೇಲೆ ಕೊಯ್ಲಿನ ಆತುರದಲ್ಲಿ ಆಳು ಸಿಗದ ಒಬ್ಬ ನೆರೆಯವನು ಬಂದು ಕರೆದನು. ಒಬ್ಬನು ಕರೆದ ಮೇಲೆ ಉಳಿದವರೂ ಕರೆದರು. ಇದರಲ್ಲಿ ನನ್ನ ಪಾಲು ಏನೂ ಇಲ್ಲ.

ನನ್ನ ಬಳಿ ಇದ್ದದ್ದು ಒಂದು ಔಷಧದ ಪೆಟ್ಟಿಗೆ: ಗಾಯ ತೊಳೆಯುವ ದ್ರಾವಣ, ಬಟ್ಟೆಯ ಪಟ್ಟಿ, ಜ್ವರದ ಮಾತ್ರೆ, ಭೇದಿಗೆ ಉಪ್ಪು ಸಕ್ಕರೆಯ ಪೊಟ್ಟಣ. ಗಾಯ ಕಟ್ಟಿದ ಕೈ ತಕ್ಷಣ ಸತ್ಯವೇದ (ಬೈಬಲ್) ತೆರೆಯಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಒದಗಿದ ಅವಕಾಶವನ್ನು ಕೈಚೆಲ್ಲುತ್ತಿದ್ದೇನೆಂದರು. ಆದರೆ ಔಷಧ ಬೇಕಾದವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಬೇಡವೆನ್ನಲಾರದವನು ಹೇಳಿದ ಹೌದನ್ನು ನಾನು ಹೇಗೆ ನಂಬಲಿ? ಆಮಿಷವೆಂಬ ಆರೋಪ ಹೊರಗಿನಿಂದ ಬಂದಾಗ ಉತ್ತರ ಕೊಡುವುದಕ್ಕಿಂತ, ಅದು ನಿಜವಾಗದಂತೆ ದಿನವೂ ನೋಡಿಕೊಳ್ಳುವುದು ಕಷ್ಟದ ಕೆಲಸವಾಗಿತ್ತು. ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರು ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಅಷ್ಟು ದುಡಿದು, ಮೂವತ್ತು ವರ್ಷ ಇಲ್ಲಿಯವರಂತೆಯೇ ಉಟ್ಟು ಬಾಳಿ, 1823ರಲ್ಲಿ ಈ ನಾಡು ಕ್ರೈಸ್ತವಾಗುವ ಆಸೆಯನ್ನೇ ಬಿಟ್ಟು ಫ್ರಾನ್ಸಿಗೆ ಹಿಂದಿರುಗಿದರು. ಅವರನ್ನು ಸೋತವರೆಂದು ನಮಗೆ ಕಲಿಸಲಿಲ್ಲ ಎಂಬುದಕ್ಕಾಗಿ ನಾನು ಕಾಲೇಜಿಗೆ ಕೃತಜ್ಞ.

ಒಂಟಿತನದ ಬಗ್ಗೆ ಹೆಚ್ಚು ಬರೆಯಲಾರೆ. ಭಾನುವಾರದ ಆರಾಧನೆ ಮುಗಿದು ಐವರೂ ಎದ್ದು ಹೋದ ಮೇಲೆ ಉಳಿಯುತ್ತಿದ್ದ ಮಧ್ಯಾಹ್ನ ಬಹಳ ಉದ್ದವಾಗಿರುತ್ತಿತ್ತು. ಅಂಥ ಒಂದು ದಿನ ಗುರುಗಳಿಗೆ, ನನ್ನಿಂದ ಇದು ಆಗದು ಎಂದು ಬರೆದೆ. ಉತ್ತರದಲ್ಲಿ ಅವರು ವೇದನಾಯಗಂ ಸ್ಯಾಮುಯೆಲ್ ಅಜರಯ್ಯನವರ ವಿಷಯ ಬರೆದರು: ತಮಿಳರಾದ ಅವರು ತೆಲುಗು ಕಲಿತು ದೋರ್ನಕಲ್ ಸೀಮೆಯ ಹಳ್ಳಿಗಳಲ್ಲಿ ಸೇವೆಗಿಳಿದದ್ದು, 1910ರ ಎಡಿನ್‌ಬರೊ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಪಾಶ್ಚಾತ್ಯ ಮಿಷನರಿಗಳ ಮುಂದೆ ನಿಂತು ನಮಗೆ ಸ್ನೇಹಿತರನ್ನು ಕೊಡಿ ಎಂದು ಕೇಳಿದ್ದು. ಕೆಳಗೆ, "ನಿಮ್ಮ ಹಳ್ಳಿಯವರು ನಿಮ್ಮಲ್ಲಿ ಕೇಳುತ್ತಿರುವುದೂ ಅದನ್ನೇ ಇರಬಹುದು, ವಿಚಾರಿಸಿ ನೋಡಿ" ಎಂದಿತ್ತು.

ವಿಚಾರಿಸಲು ನನಗೆ ಒಂಬತ್ತು ವರ್ಷ ಹಿಡಿಯಿತು. ವರ್ಗಾವಣೆಯಾಗಿ ಹೊರಡುವ ತಿಂಗಳು ಕೊನೆಯ ವರದಿ ತುಂಬಿದಾಗ ಅಷ್ಟೂ ವರ್ಷಗಳ ಒಟ್ಟು ಲೆಕ್ಕವನ್ನು ಕೊನೆಯ ಅಂಕಣದಲ್ಲಿ ಬರೆದೆ: ಏಳು. ಅಜ್ಜಿ ಆ ಏಳರಲ್ಲಿ ಇರಲಿಲ್ಲ. ಕೊನೆಯವರೆಗೂ ಕೂಟಕ್ಕೆ ಬಂದರು, ಕೊನೆಯವರೆಗೂ ತಮ್ಮ ಮನೆದೇವರನ್ನು ಬಿಡಲಿಲ್ಲ, ನನ್ನ ಪ್ರಸಂಗಗಳನ್ನು ತಿದ್ದುವುದನ್ನೂ ಬಿಡಲಿಲ್ಲ. ಸಂಸ್ಥೆಯ ಕಚೇರಿಯಿಂದ ವರದಿ ತಲುಪಿತೆಂಬ ರಸೀದಿ ಬಂದಿತು. ಆಗಲೇ ನಿವೃತ್ತರಾಗಿದ್ದ ಗುರುಗಳಿಗೂ ನಾನು ಒಂದು ಪ್ರತಿ ಕಳುಹಿಸಿದ್ದೆ. ಅವರಿಂದ ಒಂದು ಅಂಚೆ ಕಾರ್ಡು ಬಂದಿತು. ಏಳರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. "ಹೊಟ್ಟೆಗೆ ಹಾಕಿಕೊಳ್ಳುವ ಮಾತು ಹೇಳಿದ ಅಜ್ಜಿ ಈಗ ಹೇಗಿದ್ದಾರೆ? ಮಗನ ಕಾಗದ ಓದುವವರು ಯಾರು?" ಎಂದಷ್ಟೇ ಕೇಳಿದ್ದರು.

ಉತ್ತರ ಬರೆಯಲು ನನಗೆ ನಾಲ್ಕು ಹಾಳೆ ಬೇಕಾಯಿತು.