ಗ್ಲೆನ್‌ಕೋಗೆ ಹೊರಟಿದ್ದೀರಾ? ಬೆಟ್ಟಗಳ ಹೆಸರು ಓದಲು ಕಲಿತು ಹೋಗಿ

ಸ್ಕಾಟ್ಲೆಂಡ್‌ನ ಹೈಲ್ಯಾಂಡ್ಸ್ ಅನ್ನೋ ಬೆಟ್ಟನಾಡಿಗೆ ಹೊರಟವರು ಜಾಕೆಟ್, ಬೂಟು, ವೀಸಾ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅದೆಲ್ಲ ಬೇಕು, ಸರಿ. ಜೊತೆಗೆ ಒಂದು ಸಂಜೆ ಕೂತು ಅಲ್ಲಿನ ಹಳೆಯ ಭಾಷೆ ಗೇಲಿಕ್‌ನ ಹದಿನೈದು ಇಪ್ಪತ್ತು ಪದ ಕಲಿತುಬಿಡಿ. ಅಲ್ಲಿನ ಬೆಟ್ಟ, ಕಣಿವೆ, ಹಳ್ಳಗಳ ಹೆಸರು ಬಹುಪಾಲು ಗೇಲಿಕ್‌ನಲ್ಲೇ ಇವೆ. ಹೆಸರಿಟ್ಟವರು ಕಣಿವೆಯಲ್ಲಿ ದನ ಮೇಯಿಸಿಕೊಂಡು ಬದುಕಿದವರು. ಹಾಗಾಗಿ ಬಣ್ಣ, ಆಕಾರ, ದನ, ನೀರು ಇವೇ ಜಾಸ್ತಿ.

ನಾವು ಮೇ ಕೊನೆಯಲ್ಲಿ ಹೋಗಿದ್ದೆವು. ಅದೇ ಒಳ್ಳೆಯ ಸಮಯ. ಜೂನ್ ದಾಟಿದರೆ ಮಿಡ್ಜ್ ಅನ್ನೋ ಪುಟ್ಟ ನುಸಿಗಳು ಬೆನ್ನು ಬೀಳುತ್ತವೆ. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ ಬಸ್ಸು ಗ್ಲೆನ್‌ಕೋ ಕಣಿವೆಯ ಮೂಲಕವೇ ಹೋಗುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ. ಲೋಮಂಡ್ ಸರೋವರ ಬಲಕ್ಕೆ ಬರುತ್ತದೆ, ಹೋಗಲಿ ಬಿಡಿ. ಮೊದಲು ಎಡಕ್ಕೆ ಎದ್ದು ನಿಲ್ಲುವುದು ಬುವಖಿಲ್ ಎಟಿವ್ ಮೋರ್, ಎತ್ತರ 1,021 ಮೀಟರ್. 'ಎಟಿವ್ ಕಣಿವೆಯ ದೊಡ್ಡ ದನಗಾಹಿ' ಅಂತ ಅರ್ಥ. ಎರಡು ಕಣಿವೆ ಸೇರುವ ಬಾಯಲ್ಲೇ ಕಾವಲು ನಿಂತಿದೆ, ನೋಡಿದರೆ ಹೆಸರು ಒಪ್ಪುತ್ತದೆ.

ಮುಂದೆ ಸಿಗುವ ಮೂರು ಬೆಟ್ಟಗಳನ್ನು ಪ್ರವಾಸಿಗರು 'ತ್ರೀ ಸಿಸ್ಟರ್ಸ್' ಅನ್ನುತ್ತಾರೆ. ಆ ಹೆಸರಿಂದ ದಾರಿ ಹುಡುಕುವವರಿಗೆ ಏನೂ ಉಪಯೋಗವಿಲ್ಲ. ಮ್ಯಾಪ್‌ನಲ್ಲಿರುವ ಹೆಸರು ನೋಡಿ: ಬೇನ್ ಅಟ ಅಂದರೆ ಉದ್ದನೆ ಬೆಟ್ಟ, ಗ್ಯಾರ್ ಊನಖ್ ಅಂದರೆ ಮೋಟು ಏಣು, ಊನಖ್ ದೂ ಅಂದರೆ ಕಪ್ಪು ಏಣು. ಇಷ್ಟು ಗೊತ್ತಿದ್ದರೆ ಯಾವುದು ಯಾವುದು ಅಂತ ರಸ್ತೆಯಿಂದಲೇ ಗುರುತಿಸಬಹುದು.

ಮೊದಲೆರಡರ ನಡುವೆ ಇರುವುದೇ ಕೊರ ಗವಲ್. ಇಲ್ಲಿಗೆ ಖಂಡಿತ ಹೋಗಿ. 'ಕೊರ' ಅಂದರೆ ಹಂಡೆ. ಹಿಮನದಿ ಕೊರೆದು ಬಿಟ್ಟ ಬೋಗುಣಿಯಂಥ ಜಾಗಕ್ಕೆಲ್ಲ ಅಲ್ಲಿ ಇದೇ ಹೆಸರು. 'ಗವಲ್' ಅಂದರೆ ಹಿಡಿದು ತಂದದ್ದು. ಮ್ಯಾಕ್‌ಡೊನಾಲ್ಡ್ ಕುಲದವರು ಕದ್ದು ತಂದ ದನಗಳನ್ನು ಇಲ್ಲಿ ಬಚ್ಚಿಡುತ್ತಿದ್ದರಂತೆ. ಕೆಳಗಿನ ರಸ್ತೆಯಿಂದ ನೋಡಿದರೆ ಬರೀ ಬಂಡೆ, ಮರ. ಹತ್ತುವುದೂ ಸಲೀಸಲ್ಲ. ಕೆಲವು ಕಡೆ ಕೈ ಊರಲೇಬೇಕು, ಮಳೆ ಬಂದಿದ್ದರೆ ಕಲ್ಲು ಜಾರುತ್ತದೆ. ಗುಡ್ಡ ಕುಸಿದು ಬಿದ್ದ ಭಾರಿ ಬಂಡೆಗಳ ರಾಶಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ಸಪಾಟು ಬಯಲು! ಒಂದು ಊರಿನ ದನವನ್ನೆಲ್ಲ ನಿಲ್ಲಿಸಬಹುದು. ಬಾಯಿಗೆ ಅಡ್ಡ ಬಿದ್ದ ಬಂಡೆಗಳೇ ಬೇಲಿ. ಹೋಗಿ ಬರಲು ಮೂರು ಗಂಟೆ ಇಟ್ಟುಕೊಳ್ಳಿ. ಚಪ್ಪಲಿಯಲ್ಲಿ ಹೋಗಬೇಡಿ.

ಇನ್ನು ಮ್ಯಾಪ್ ಓದುವ ವಿಷಯ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 384 ಹಾಳೆ ಈ ಭಾಗಕ್ಕೆ ಸಾಕು. ಸ್ಕೂರ್, ಸ್ಟಾಬ್ ಅಂತಿದ್ದರೆ ಚೂಪು, ಕಲ್ಲು. ಮ್ಯೌಲ್ ಅಂತಿದ್ದರೆ ದುಂಡನೆ ಗುಡ್ಡ, ನಡಿಗೆ ಸಾಮಾನ್ಯವಾಗಿ ಹಗುರ. ಫೇ ಅಂತ ಬಂದರೆ ಜೌಗು, ಕಾಲುಚೀಲ ಒದ್ದೆಯಾಗೋದು ಗ್ಯಾರಂಟಿ. ಗೇಲಿಕ್ ಸ್ಪೆಲ್ಲಿಂಗ್ ನೋಡಿ ಹೆದರಬೇಡಿ. ಬಿ ಅಥವಾ ಎಂ ಪಕ್ಕದಲ್ಲಿ ಎಚ್ ಬಂದರೆ ಸಾಮಾನ್ಯವಾಗಿ 'ವ'. ಎಫ್ ಪಕ್ಕದಲ್ಲಿ ಬಂದರೆ ಎರಡೂ ಬಾಯಿ ಮುಚ್ಚಿಕೊಂಡಿರುತ್ತವೆ.

ಮೋರ್, ಬೆಕ್ ಅನ್ನೋದರಲ್ಲಿ ಮಾತ್ರ ಹುಷಾರು. ದೊಡ್ಡದು, ಚಿಕ್ಕದು ಅಂತ ಅರ್ಥ. ಆದರೆ ಫೋರ್ಟ್ ವಿಲಿಯಂ ಪಕ್ಕದ ಊನಖ್ ಮೋರ್ 1,221 ಮೀಟರ್, ಊನಖ್ ಬೆಕ್ 1,234 ಮೀಟರ್! 'ಚಿಕ್ಕದೇ' ಎತ್ತರ. ಕೆಳಗಿನಿಂದ ನೋಡಿದವರು ಮೈಗಾತ್ರ ನೋಡಿ ಹೆಸರಿಟ್ಟರು, ಎತ್ತರ ಅಳೆದಲ್ಲ. ಚಿಕ್ಕದಲ್ವಾ ಅಂತ ಮಕ್ಕಳನ್ನು ಕರೆದುಕೊಂಡು ಹೊರಡಬೇಡಿ. ಅವರಿಗೆ ಊನಖ್ ಮೋರ್‌ನ ಗೊಂಡೋಲಾ (ಕೇಬಲ್ ಕಾರ್) ಸಾಕು, 650 ಮೀಟರ್‌ವರೆಗೆ ಕೂತೇ ಹೋಗಬಹುದು.

ಬಣ್ಣದ ಹೆಸರುಗಳನ್ನು ಸಂಜೆ ಬಿಸಿಲಲ್ಲಿ ನೋಡಬೇಕು. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ ಪಕ್ಕದ ಕಾರ್ನ್ ಮೋರ್ ಜೆರಕ್ ಅಂದರೆ 'ದೊಡ್ಡ ಕೆಂಪು ಬೆಟ್ಟ'. ಅಲ್ಲಿನ ಗ್ರಾನೈಟ್ ಕಲ್ಲು ನಿಜಕ್ಕೂ ಕೆಂಪು. ಬೆನ್ ನೆವಿಸ್‌ನ ಹೆಸರಿನ ಅರ್ಥ ಮಾತ್ರ ಪಂಡಿತರಿಗೂ ಬಗೆಹರಿದಿಲ್ಲ. ಸ್ಕೈ ದ್ವೀಪಕ್ಕೆ ಹೋದರೆ ಗೇಲಿಕ್ ಜೊತೆ ವೈಕಿಂಗರ ನಾರ್ಸ್ ಭಾಷೆಯೂ ಬೆರೆತಿದೆ. ಬ್ಲಾ ವೇನ್ ಅನ್ನೋ ಬೆಟ್ಟದ ಹೆಸರಲ್ಲಿ ನೀಲಿ ಬಣ್ಣ ಸೂಚಿಸುವ 'ಬ್ಲಾ' ನಾರ್ಸ್, ಬೆಟ್ಟ ಅನ್ನೋ 'ವೇನ್' ಗೇಲಿಕ್ ಅಂತಾರೆ.

ಕಾರು ಇದ್ದರೆ ಆಪಲ್‌ಕ್ರಾಸ್ ಅನ್ನೋ ಕರಾವಳಿ ಹಳ್ಳಿಗೆ ಹೋಗುವ ಬ್ಯಾಲಖ್ ನ ಬಾ ರಸ್ತೆ ನೋಡಿ. 'ದನಗಳ ಕಣಿವೆದಾರಿ'. ಹಿಂದೆ ಮಾರಲು ದನ ಹೊಡೆದುಕೊಂಡು ಹೋಗುತ್ತಿದ್ದ ಹಾದಿ ಅದು, 626 ಮೀಟರ್‌ವರೆಗೆ ಏರುತ್ತದೆ. ಒಂದೇ ಗಾಡಿಯ ಅಗಲ, ಹೇರ್‌ಪಿನ್ ತಿರುವು. ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಜಾಗ ಇದೆ, ಅಲ್ಲಿ ಫೋಟೋ ತೆಗೆಯಲು ನಿಲ್ಲಿಸಬಾರದು. ಕ್ಯಾಂಪರ್ ವ್ಯಾನ್ ಬೇಡವೇ ಬೇಡ. ಚಳಿಗಾಲದಲ್ಲಿ ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ. ಇಳಿಜಾರಿನಲ್ಲಿ ರಿವರ್ಸ್ ಹೋಗಲು ಕೈ ನಡುಗುವವರು ಶೀಲ್ಡೇಗ್ ಕಡೆಯ ಕರಾವಳಿ ರಸ್ತೆ ಹಿಡಿಯಿರಿ. ಸುತ್ತಾದರೂ ಆಪಲ್‌ಕ್ರಾಸ್ ಸಿಗುತ್ತದೆ.